ಅತ್ತೆ ಸಾಕಿದ ಬಸವ

ನಮ್ಮ ಅತ್ತೆಯ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯ ಒಂದು ಮಗ್ಗುಲು ಸವೆದು ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಮಗ್ಗುಲಿನಲ್ಲಿ ಅಕ್ಕಸಾಲಿ ಕೆತ್ತಿದ ಬಳ್ಳಿ ಹೊಸದರಂತೆಯೇ ಉಳಿದಿತ್ತು. ಒಳಗೆ ಲಿಂಗವಿದ್ದ ಆ ಪುಟ್ಟ ಡಬ್ಬಿಯನ್ನು ಅವರು ಹೆದರಿಕೆಯಾದಾಗಲೆಲ್ಲ ಎಡಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ಹೆದರಿಕೆ ಆಗದ ಹೊತ್ತು ಯಾವುದಿತ್ತು ಎಂದು ಕೇಳಿದರೆ ಯೋಚನೆ ಮಾಡಿ ಹೇಳಬೇಕು. ಹಾಲು ಉಕ್ಕೀತು, ಗ್ಯಾಸು ಸೋರೀತು, ಮಗಳು ಹತ್ತಿದ ಬಸ್ಸಿನ ಡ್ರೈವರಿಗೆ ನಿದ್ದೆ ಬಂದೀತು. ಏನೂ ಇಲ್ಲದ ದಿನ, 'ಇವತ್ತೇನೂ ಆಗ್ಲಿಲ್ವಲ್ಲ, ಯಾಕೋ' ಎಂದು ಹೆಬ್ಬೆರಳು ಇನ್ನೂ ಜೋರಾಗಿ ಓಡುತ್ತಿತ್ತು.

ಇಂಥ ಹೆಂಗಸಿಗೆ ಶಿವನು ಅಳಿಯನಾಗಿ ಕೊಟ್ಟದ್ದು ನನ್ನನ್ನು.

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಯಾರೂ ಸರಿಯಾಗಿ ಹೇಳುವುದಿಲ್ಲವಾದ್ದರಿಂದ ಹೇಳಲೇಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ನನ್ನ ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆ ಒಂದು ಸುಳ್ಳು ಹೇಳಿದರೆ ಅದು ಮಧ್ಯಾಹ್ನದ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಅಲ್ಲಿ ಊಟ ಮುಗಿಸಿ, ಸಂಜೆಗೆ ನಿಜವಾಗಿ ವಾಪಸು ಬರುತ್ತಿತ್ತು. ಅಷ್ಟು ಗಟ್ಟಿ ಮಾಲು. ಒಮ್ಮೆ ಜನಗಣತಿಯ ಸಮಯದಲ್ಲಿ, "ಅತ್ತೆ, ಈ ಸಲ ಉಪ್ಪಿನಕಾಯಿ ಜಾಡಿನೂ ಎಣಿಸ್ತಾರಂತೆ. ಜಾಸ್ತಿ ಇದ್ರೆ ಕೇಳ್ತಾರಂತೆ" ಎಂದೆ. ಅಷ್ಟೇ. ಗಣತಿಯ ಮೇಷ್ಟ್ರು ಬಂದಾಗ ಅತ್ತೆಯ ಜಾಡಿಗಳೆಲ್ಲ ಪಕ್ಕದ ಮನೆಯ ಮಂಚದ ಕೆಳಗಿದ್ದವು. ಮೇಷ್ಟ್ರು ಎಷ್ಟು ಜನ ಇದ್ದೀರಿ ಎಂದು ಕೇಳಿದರೆ, "ಮಾವಿನಕಾಯಿದು ಒಂದೇ ಸಾರ್" ಅಂದರಂತೆ.

ಭದ್ರಾವತಿಯ ಓಲ್ಡ್ ಟೌನಿನ ಅವರ ಮನೆಯಲ್ಲಿ ನಗು ನಿಂತದ್ದು ಮಾವನಿಗೆ ಲಕ್ವ ಹೊಡೆದಾಗ. ಕಾರ್ಖಾನೆಯಿಂದ ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಕುಲುಮೆಯ ಸದ್ದನ್ನು ಮೀರಿಸಿ ಕೂಗುತ್ತಿದ್ದ ಮನುಷ್ಯ ನಡುಮನೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಕಡ್ಡಿ ಮುರಿದಂತೆ ಹೇಳಿದರು: "ದಿನಾ ನಡೀಲೇಬೇಕು. ಈಗ ಬಿಟ್ರೆ ಮಂಡಿ ಹಿಡ್ಕೊಳ್ಳುತ್ತೆ, ಆಮೇಲೆ ಯಾರಿಂದಲೂ ಬಿಡಿಸೋಕಾಗಲ್ಲ. ನಡೆಯೋಕೆ ಏನಾದ್ರೂ ಗುರಿ ಇಡಿ."

ಗುರಿ ಇಟ್ಟವನು ನಾನೇ. ನಡುಮನೆಯ ಆ ತುದಿಯ ಕಿಟಕಿಯ ಹತ್ತಿರ ಒಂದು ಮೀನಿನ ತೊಟ್ಟಿ ತಂದಿಟ್ಟೆ. ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಸಾಹೇಬರೊಬ್ಬರ ಅಕ್ವೇರಿಯಂ ಅಂಗಡಿಯಿತ್ತು. ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಗುಳುಗುಳು ಗಾಳಿ ಊದುವ ಪಂಪು ಎಲ್ಲ ಅಲ್ಲಿಂದಲೇ ಬಂತು. ಲಿಂಗಾಯತರ ಮನೆಗೆ ಮೀನು ಬಂತೆಂದು ಬೀದಿಯವರೆಲ್ಲ ಬಂದು ನೋಡಿದರು. "ತಿನ್ನೋಕಲ್ಲ, ನೋಡೋಕೆ" ಎಂದು ಅತ್ತೆ ಪ್ರತಿಯೊಬ್ಬರಿಗೂ ಹೇಳಿ ಸುಸ್ತಾದರು.

ಆದರೆ ಮೀನು ಸಾಯತೊಡಗಿದವು. ಕರೆಂಟು ಹೋದರೆ ಪಂಪು ನಿಲ್ಲುತ್ತಿತ್ತು. ಆಗ ಅತ್ತೆ ಒಂದು ಲೋಟ ಹಿಡಿದು, ಹಾಲು ಆರಿಸುವ ಹಾಗೆ, ತೊಟ್ಟಿಯ ನೀರನ್ನು ಎತ್ತಿ ಎತ್ತಿ ಸುರಿಯುತ್ತಾ ನಿಲ್ಲುತ್ತಿದ್ದರು. ಆದರೂ ಒಂದೊಂದೇ ಮಗುಚಿಕೊಳ್ಳುತ್ತಿತ್ತು. ಸತ್ತದ್ದನ್ನು ಮಾವನಿಗೆ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿ ಒಯ್ದು ಹಿತ್ತಲಿನ ದಾಸವಾಳದ ಬುಡದಲ್ಲಿ ಹೂಳುತ್ತಿದ್ದರು. ಇದು ಗೊತ್ತಾದರೆ ಮಾವ ಗೋಡೆ ಬಿಟ್ಟು ಈ ಕಡೆ ತಿರುಗುವುದೇ ಇಲ್ಲ ಎಂಬುದೇ ಅವರ ಭಯ.

ನಾನು ಸಾಹೇಬರ ಮುಂದೆ ಹೋಗಿ ಜಗಳಕ್ಕೆ ನಿಂತೆ. ಅವರು ನಕ್ಕರು. "ಫಿಕರ್ ಮಾಡ್ಬೇಡಿ ಅಣ್ಣಾ. ಅಮ್ಮಂಗೆ ಸಾಯದೇ ಇರೋದೇ ಕೊಡ್ತೀನಿ" ಎಂದು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅರಿಶಿನ ಬಣ್ಣದ, ಅಡಿಕೆಗಿಂತ ದಪ್ಪನೆಯ ಒಂದು ನೀರಿನ ಬಸವನಹುಳುವನ್ನು ಅದರೊಳಗೆ ಬಿಟ್ಟು ಕೊಟ್ಟರು. ಬಸ್ಸಿನಲ್ಲಿ ಪಕ್ಕದವನು ಇದೇನೆಂದು ಕೇಳಿದ. ಮುತ್ತು ಬೆಳೆಯುತ್ತೇನೆ, ಇದು ಬಿತ್ತನೆ ಮುತ್ತು ಎಂದೆ. ಅವನು ಇಳಿಯುವವರೆಗೂ ವಿಳಾಸ ಕೇಳುತ್ತಿದ್ದ.

ಅತ್ತೆ ಚೀಲವನ್ನು ಬೆಳಕಿಗೆ ಹಿಡಿದು ನೋಡಿದರು. ಹುಳು ಆಗ ತಾನೇ ಎರಡು ಕೊಂಬು ಹೊರಗೆ ಹಾಕಿತ್ತು.

"ಇದಕ್ಕೆ ಏನಂತಾರೆ ಅಳಿಯಂದ್ರೇ?"

"ಬಸವನಹುಳು, ಅತ್ತೆ."

ಹೆಬ್ಬೆರಳು ಕರಡಿಗೆಗೆ ಹೋಯಿತು. "ಶಿವನೇ. ಬಸವನ ಹೆಸರಿಟ್ಕೊಂಡು ಬಂದಿದೆ. ಇದಕ್ಕೇನಾದ್ರೂ ಆದ್ರೆ?"

ನೋಡಿ, ನಮ್ಮ ಭಾಷೆ ಮಾಡಿದ ಕೆಲಸ. ಮೀನು ಸತ್ತರೆ ಮೀನು ಸತ್ತಿತು ಅಷ್ಟೇ. ಇದು ಸತ್ತರೆ ಬಸವ ಸತ್ತ ಹಾಗೆ. ಅಂದಿನಿಂದ ಅದು ಹುಳುವಾಗಿ ಉಳಿಯಲಿಲ್ಲ, ಬಸಣ್ಣನಾಯಿತು. ಬೇಯಿಸಿದ ಸೌತೆಕಾಯಿ, ಹೀರೆಕಾಯಿ ಸಿಪ್ಪೆ, ಪಾಲಕ್ ಸೊಪ್ಪು ಎಲ್ಲ ಮೊದಲು ಬಸಣ್ಣನಿಗೆ, ಆಮೇಲೆ ನಮಗೆ. ನಲ್ಲಿ ನೀರನ್ನು ಕೊಳಗದಲ್ಲಿ ಹಿಡಿದಿಟ್ಟು, ಔಷಧದ ವಾಸನೆ ಹೋದ ಮೇಲೆ ತೊಟ್ಟಿಗೆ ಹಾಕುವರು. ಒಂದು ದಿನ ಅದರ ಚಿಪ್ಪಿನ ತುದಿ ಸವೆದದ್ದು ಕಂಡು ಗಾಬರಿಯಾಗಿ ಅಂಗಡಿಗೆ ಫೋನು ಮಾಡಿದರು. ನಾನು ಸಾಹೇಬರನ್ನೇ ಕರೆಸಿ ಫೋನು ಕೊಟ್ಟೆ.

"ಸುಣ್ಣ ಕಮ್ಮಿಯಾಗಿದೆ ಅಮ್ಮಾ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ."

"ಶಿವ ಶಿವಾ, ಮೊಟ್ಟೆನಾ!" ಎಂದು ಆ ಕಡೆಯಿಂದ ಅತ್ತೆ ಕೂಗಿದ್ದು ನನಗೂ ಕೇಳಿಸಿತು. ಸಾಹೇಬರಿಗೆ ತಪ್ಪು ಗೊತ್ತಾಯಿತು. "ಬೇಡ ಬೇಡ ಅಮ್ಮಾ, ಮನೇಲಿ ಬಿಳೀದು ಗಟ್ಟಿ ಏನಾದ್ರೂ ಇರತ್ತಲ್ಲ, ಅದನ್ನೇ ಒಂದು ತುಂಡು ಹಾಕಿ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಸೀಮೆಸುಣ್ಣ. ನಮ್ಮ ಅತ್ತೆಯ ಮನೆಯಲ್ಲಿ ಬಿಳಿಯ ಗಟ್ಟಿ ಅಂದರೆ ಒಂದೇ, ವಿಭೂತಿ. ಇಡೀ ಗಟ್ಟಿಯನ್ನು ನಮಸ್ಕಾರ ಮಾಡಿ ತೊಟ್ಟಿಯೊಳಗೆ ಬಿಟ್ಟರು. ನೀರು ಮಜ್ಜಿಗೆಯಾಯಿತು. ಬಸಣ್ಣ ಕಾಣುತ್ತಲೇ ಇಲ್ಲ. ಅತ್ತೆ ಊಟ ಬಿಟ್ಟು ಗಾಜಿಗೆ ಮೂಗು ಹಚ್ಚಿ ಕೂತರು. ನೀರು ತಿಳಿಯಾದಾಗ ಬಸಣ್ಣ ಆ ವಿಭೂತಿ ಗಟ್ಟಿಯ ಮೇಲೆಯೇ ಕೂತು ಕೆರೆದು ಕೆರೆದು ತಿನ್ನುತ್ತಿತ್ತು. ಯಾವ ವೈದ್ಯವೋ ಕಾಣೆ, ಚಿಪ್ಪು ಗಟ್ಟಿಯಾಯಿತು, ಅದರ ಹಣೆಯ ಕಡೆ ಬೆಳ್ಳಗೆ ಒಂದು ಪಟ್ಟೆಯೂ ಬಂತು. 'ಭದ್ರಾವತಿಯಲ್ಲಿ ಒಂದು ಹುಳ ವಿಭೂತಿ ಧಾರಣೆ ಮಾಡಿದೆ' ಎಂದು ನಾನು ಗಾಂಧಿ ಬಜಾರಿನಲ್ಲಿ ಹಬ್ಬಿಸಿದೆ. ಆ ಸೋಮವಾರ ಊದಿನಕಡ್ಡಿ ಹಿಡಿದು ಇಬ್ಬರು ಬಂದೇ ಬಂದರು.

ಇದರ ನಡುವೆ ನಡೆದ ದೊಡ್ಡ ಸಂಗತಿಯೆಂದರೆ, ಮಾವ ಗೋಡೆ ಬಿಟ್ಟು ಈ ಕಡೆ ತಿರುಗಿದರು. ಮೀನಿನ ಓಟವನ್ನು ಅವರ ಕಣ್ಣು ಹಿಡಿಯುತ್ತಿರಲಿಲ್ಲ. ಬಸಣ್ಣನದು ಮಾತ್ರ ಅವರದೇ ವೇಗ. ಗಾಜಿನ ಈ ತುದಿಯಲ್ಲಿ ಬಸಣ್ಣ ಹೊರಟಾಗ ಅತ್ತೆ ಮಾವನನ್ನು ಎಬ್ಬಿಸುವರು. ಎಡಗೈಯಲ್ಲಿ ಕೋಲು, ಬಲತೋಳಿನ ಕೆಳಗೆ ಅತ್ತೆಯ ಹೆಗಲು. ನಾನಿದ್ದ ದಿನ ರೇಡಿಯೋ ಕಾಮೆಂಟರಿ ನನ್ನದು: "ಬಸಣ್ಣ ಮುಂದಿದ್ದಾರೆ! ಮಾವ ಹಿಂದೆ ಬಿದ್ದಿಲ್ಲ! ಓಹೋ, ಬಸಣ್ಣ ಸೊಪ್ಪು ಕಂಡು ನಿಂತರು!" ಮಾವ ಬಾಯಿ ಸೊಟ್ಟ ಮಾಡಿಕೊಂಡು ನಗುವರು. ಅತ್ತೆ ಮಾತ್ರ ನಗುತ್ತಿರಲಿಲ್ಲ. ಅವರ ಕಣ್ಣು ಮಾವನ ಬಲಪಾದದ ಮೇಲೆಯೇ. ಆ ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಮೊಳೆ ತುಳಿದರೂ ಗೊತ್ತಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದ ಹಾಗೆ ಫೋನು ಹೊಡೆದುಕೊಂಡಿತು.

"ಅಳಿಯಂದ್ರೇ, ನಿಮ್ಮ ದಮ್ಮಯ್ಯ. ಎಲ್ಲಿಟ್ಟಿದೀರಿ ಹೇಳ್ಬಿಡಿ."

"ಏನನ್ನ ಅತ್ತೆ?"

"ಬಸಣ್ಣನ್ನ. ನಿನ್ನೆ ಬೆಳಿಗ್ಗೆಯಿಂದ ಇಲ್ಲ. ಮೊನ್ನೆ ಸಂಜೆ ನೀವು ಬಂದು ಹೋದ ಮೇಲೇ ಕಾಣ್ತಿಲ್ಲ."

ನನಗೆ ನಗು ಬಂತು. ತಕ್ಷಣ ನಿಂತುಹೋಯಿತು. ಏಕೆಂದರೆ ನಾನು ತೆಗೆದಿರಲಿಲ್ಲ. ತವರಿನಲ್ಲೇ ಇದ್ದ ನನ್ನ ಹೆಂಡತಿ ಫೋನು ಕಿತ್ತುಕೊಂಡಳು. "ರೀ, ತಮಾಷೆಗೂ ಒಂದು ಮಿತಿ ಇರತ್ತೆ. ಅಮ್ಮ ಯಾರನ್ನೂ ಓಡಾಡೋಕೆ ಬಿಡ್ತಿಲ್ಲ. ಕಸ ಗುಡಿಸೋ ಹಾಗಿಲ್ಲ. ಅಪ್ಪನ್ನ ನಿನ್ನೆಯಿಂದ ಮಂಚ ಇಳಿಸಿಲ್ಲ."

"ನಾನಲ್ಲ ಕಣೇ."

"ಉಪ್ಪಿನಕಾಯಿ ಜಾಡಿ ವಿಷಯದಲ್ಲೂ ಹೀಗೇ ಅಂದಿದ್ರಿ."

ಸುಳ್ಳುಗಾರನ ಪಾಡು ಇದು. ಜೀವಮಾನದಲ್ಲಿ ಒಂದು ಸಲ ನಿಜ ಹೇಳಿದರೆ ನಂಬುವವರೇ ಇಲ್ಲ. ಓಡಿ ಸಾಹೇಬರ ಅಂಗಡಿಗೆ ಹೋದೆ. ಅವರು ಗಾಜು ಒರೆಸುತ್ತಲೇ ಕೇಳಿದರು, "ಮುಚ್ಚಳದಲ್ಲಿ ಪೈಪು ಹೋಗೋಕೆ ಸಂದಿ ಬಿಟ್ಟಿದೀರಾ?"

"ಬಿಟ್ಟಿದೀವಿ."

"ಅಲ್ಲಿಂದ್ಲೇ ಹೋಗಿದೆ. ಮೊಟ್ಟೆ ಇಡೋಕೆ ನೀರಿಂದ ಮೇಲೆ ಹತ್ತತ್ತೆ ಅಣ್ಣಾ."

"ಮೊಟ್ಟೆನಾ? ಬಸಣ್ಣ ಗಂಡಲ್ವಾ?"

"ಹೆಸರಿಟ್ಟೋರು ನೀವು" ಎಂದರು ಸಾಹೇಬರು. ನೀರಿನ ಹೊರಗೆ ಚಿಪ್ಪಿನ ಬಾಯಿಗೆ ಬಾಗಿಲು ಹಾಕಿಕೊಂಡು ಕೆಲವು ದಿನ ಬದುಕಿರುತ್ತದೆ, ಒದ್ದೆ ಇರುವ ಕಡೆ ಹುಡುಕಿ ಎಂದೂ ಹೇಳಿದರು. ಆಮೇಲೆ ನನ್ನ ಮುಖ ನೋಡಿ, ತೊಟ್ಟಿಯೊಳಗೆ ಕೈ ಹಾಕಿ, ಅಷ್ಟೇ ದಪ್ಪದ, ಅದೇ ಅರಿಶಿನ ಬಣ್ಣದ ಇನ್ನೊಂದನ್ನು ತೆಗೆದರು. "ಸಿಗ್ಲಿಲ್ಲ ಅಂದ್ರೆ ಇದು ಸಿಕ್ಕಿದೆ ಅನ್ನಿ. ನಿಮಗೆ ನಾನು ಹೇಳ್ಕೊಡಬೇಕಾ?"

ಬೇಕಾಗಿರಲಿಲ್ಲ. ನನ್ನ ತಲೆಗೆ ಅದು ಅವರಿಗಿಂತ ಮೊದಲೇ ಹೊಳೆದಿತ್ತು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ನಾಟಕ ಸಿದ್ಧ ಮಾಡಿದೆ. ದೇವರ ಕೋಣೆಯ ಹತ್ತಿರ ಬಗ್ಗುವುದು, 'ಅಯ್ಯೋ ಇಲ್ಲಿದೆಯಲ್ಲ' ಅನ್ನುವುದು, ಅತ್ತೆ ಕೈಮುಗಿಯುವುದು, ಮಾವ ಎದ್ದು ನಡೆಯುವುದು. ನನ್ನ ಬಾಳಿನ ಅತ್ಯುತ್ತಮ ಸುಳ್ಳು, ಅದೂ ಪುಣ್ಯದ ಸುಳ್ಳು. ಊರು ದಾಟುವಾಗ ಮಾತ್ರ ಒಂದು ಯೋಚನೆ ಬಂತು. ನಿಜವಾದ ಬಸಣ್ಣ ಇನ್ನೂ ಆ ನೆಲದ ಮೇಲೆಯೇ ಎಲ್ಲೋ ಇದ್ದಾನೆ. ಸುಳ್ಳು ಬಸಣ್ಣನನ್ನು ನಂಬಿ ಅತ್ತೆ ಮಾವನನ್ನು ನಡೆಸಿದರೆ, ಆ ಸ್ಪರ್ಶವಿಲ್ಲದ ಪಾದ ಅವನ ಮೇಲೆಯೇ ಬಿದ್ದರೆ? ಅತ್ತೆ ಆಮೇಲೆ ಈ ಜನ್ಮದಲ್ಲಿ ಮಾವನನ್ನು ಮಂಚ ಇಳಿಯಲು ಬಿಡುತ್ತಾರೆಯೇ?

ಮನೆ ಬಾಗಿಲಲ್ಲೇ ಅತ್ತೆ ತಡೆದರು. "ಅಲ್ಲೇ ನಿಲ್ಲಿ! ಕಾಲು ಕೆಳಗೆ ನೋಡ್ಕೊಂಡು ಇಡಿ." ಒಳಗೆ ಎಲ್ಲರೂ ಬೆಂಕಿಯ ಮೇಲೆ ನಡೆಯುವವರ ಹಾಗೆ ತುದಿಗಾಲಿನಲ್ಲಿದ್ದರು. ಮಾವ ಮಂಚದ ಮೇಲೆ ಮಗ್ಗುಲಾಗಿ ಬಿದ್ದುಕೊಂಡು "ಬ... ಬ..." ಎನ್ನುತ್ತಿದ್ದರು. ಫಿಸಿಯೋ ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದರು. "ಅಮ್ಮಾ, ನೀವು ಒಂದು ಹುಳಕ್ಕೋಸ್ಕರ ಇವರ ಕಾಲು ಕಳೀತಿದೀರಿ. ಇವತ್ತು ಮುಟ್ಟಿದ್ರೆ ಆಗ್ಲೇ ಮಂಡಿ ಬಿಗಿಯಾಗಿದೆ" ಎಂದರು.

"ತುಳಿದುಬಿಟ್ರೆ ಮೇಡಂ? ಬಸವನ್ನ ತುಳಿದ ಕಾಲು ಉಳಿಯತ್ತಾ?" ಅತ್ತೆಯ ದನಿ ಒಡೆಯಿತು. "ನಡೆಸಿದ್ರೂ ಹೋಗತ್ತೆ, ನಡೆಸದೇ ಇದ್ರೂ ಹೋಗತ್ತೆ. ನಾನೇನು ಮಾಡ್ಲಿ?"

ಆಮೇಲೆ ನನ್ನ ಕಡೆ ತಿರುಗಿದರು. "ನೀವು ತೆಗೆದಿಲ್ಲ ತಾನೆ ಅಳಿಯಂದ್ರೇ?"

ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಅಂಗಿಯ ಗುಂಡಿ ಬಿಚ್ಚಿ, ಸ್ನಾನದ ಹೊತ್ತಿಗಷ್ಟೇ ನೆನಪಾಗುತ್ತಿದ್ದ ನನ್ನ ಕೊರಳ ಲಿಂಗ ಮುಟ್ಟಿ ಆಣೆ ಮಾಡಲು ಕೈ ಒಯ್ದೆ. ಅತ್ತೆ ಮುಂದೆ ಬಂದು ನನ್ನ ಮಣಿಕಟ್ಟು ಹಿಡಿದರು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಬೇಡ. ಅದಕ್ಕೆಲ್ಲ ಲಿಂಗ ಮುಟ್ಟಬೇಡಿ. ನೀವು ಬಾಯಲ್ಲಿ ಹೇಳಿದ್ರೆ ಸಾಕು ನಂಗೆ."

"ತೆಗೆದಿಲ್ಲ ಅತ್ತೆ."

"ಹಾಗಾದ್ರೆ ತೆಗೆದಿಲ್ಲ" ಎಂದು ಅವರು ಮಗಳಿಗೆ, ಮೇಡಂಗೆ, ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ನನ್ನ ಕೈಚೀಲದೊಳಗೆ ಸುಳ್ಳು ಬಸಣ್ಣ ನೀರಿನಲ್ಲಿ ತೇಲುತ್ತಿತ್ತು. ಅದನ್ನು ಹೊರಗೆ ತೆಗೆಯಲು ನನ್ನಿಂದಾಗಲಿಲ್ಲ. ಶಿವಮೊಗ್ಗದಿಂದ ಭದ್ರಾವತಿಯವರೆಗೆ ನನ್ನ ಸಮಾನ ಯಾರಿದ್ದಾರೆ ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು ಮಂಡಿಯೂರಿ, ಅಂಗೈ ಮುಂದೆ ಸವರುತ್ತ, ಕಪಾಟಿನ ಅಡಿ, ಅಕ್ಕಿ ಡಬ್ಬದ ಹಿಂದೆ, ಚಾಪೆಯ ಸುರುಳಿಯೊಳಗೆ ಹುಡುಕತೊಡಗಿದೆ. ಹುಳ ಸಿಗಲೆಂದು ಹುಡುಕುತ್ತಿದ್ದೆನೋ, ಒಡೆದ ಚಿಪ್ಪು ಕೈಗೆ ತಾಗದಿರಲೆಂದು ಹುಡುಕುತ್ತಿದ್ದೆನೋ, ನನಗೇ ಗೊತ್ತಿರಲಿಲ್ಲ.

ಮಾವನ "ಬ... ಬ..." ಜೋರಾಯಿತು. ಅತ್ತೆ 'ಬಾ' ಎಂದು ತಿಳಿದು ಹತ್ತಿರ ಹೋದರು. ಮಾವ ತಲೆ ಅಲ್ಲಾಡಿಸಿದರು. ಬಾಯಾರಿಕೆ ಎಂದು ಹೆಂಡತಿ ನೀರು ಕೊಟ್ಟಳು. ಲೋಟ ತಳ್ಳಿದರು. "ಬಾತ್‌ರೂಮಿಗೆ ಇರಬೇಕು" ಎಂದೆ ನಾನು. ಮಾವ ಆ ಕಡೆಗೇ ಗೋಣು ಆಡಿಸಿದರು. ಅತ್ತೆ ಬೆಡ್‌ಪ್ಯಾನ್ ತಂದರು. ಮಾವನಿಗೆ ಬಂದ ಸಿಟ್ಟು ನೋಡಬೇಕಿತ್ತು. ಎಡಗೈಯಿಂದ ಕೋಲು ಎಳೆದುಕೊಂಡು, ಮಂಚದ ಅಂಚು ಒತ್ತಿ, ಯಾರ ಹೆಗಲೂ ಇಲ್ಲದೆ, ಎದ್ದು ನಿಂತೇಬಿಟ್ಟರು.

"ರೀ! ಕಾಲು ಇಡಬೇಡಿ!" ಎಂದು ಅತ್ತೆ ಕಿರುಚಿದರು. ಫಿಸಿಯೋ ಮೇಡಂ ಹೊರಗಿನಿಂದ "ಬಿಡಿ ಅಮ್ಮಾ, ಹಿಡೀಬೇಡಿ ಅವರನ್ನ!" ಎಂದರು. ಮಾವ ಎರಡನ್ನೂ ಕೇಳಲಿಲ್ಲ. ಕೋಲು, ಎಡಗಾಲು, ಆಮೇಲೆ ಎಳೆದುಕೊಂಡು ಬಲಗಾಲು. ಅತ್ತೆ ಅವರ ಮುಂದೆ ಮುಂದೆ, ಬಗ್ಗಿ, ಸೆರಗಿನಿಂದ ನೆಲ ಒರೆಸುತ್ತಾ ಹಿಂದಕ್ಕೆ ಸರಿಯುತ್ತಿದ್ದರು. ಬಚ್ಚಲಿನ ಬಾಗಿಲ ಹತ್ತಿರ ಮಾವ ನಿಂತು ಕೋಲಿನಿಂದ ಬಕೆಟ್ಟಿನ ಹಿಂಭಾಗ ತೋರಿಸಿದರು. ಕಾಲೊರೆಸುವ ಒದ್ದೆ ಗೋಣಿತಾಟಿನ ಮಡಿಕೆಯಲ್ಲಿ ಅರಿಶಿನ ಬಣ್ಣ. ನಿಂತು ಹುಡುಕುವ ನಮಗೆ ಬಕೆಟ್ಟು ಅಡ್ಡವಾಗಿತ್ತು, ನಾನು ಮಂಡಿಯೂರಿ ಅಲ್ಲಿವರೆಗೆ ತಲುಪಿರಲಿಲ್ಲ. ಮಲಗಿದವರಿಗೆ ಮಾತ್ರ ಕಾಣುವ ಜಾಗ.

"ಬ... ಸ... ವ" ಎಂದರು ಮಾವ.

ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಅತ್ತೆ ಬಸಣ್ಣನನ್ನು ಎರಡು ಅಂಗೈಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟರು. ಅದು ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತಿತು. ನಮ್ಮ ಕಾಫಿ ತಣ್ಣಗಾದ ಮೇಲೆ ಒಂದು ಕೊಂಬು ಹೊರಗೆ ಬಂತು.

ನಾನು ಆಗ ಚೀಲದಿಂದ ಇನ್ನೊಂದನ್ನು ತೆಗೆದೆ. "ಜೊತೆಗಿರ್ಲಿ ಅಂತ ತಂದೆ ಅತ್ತೆ."

ಅತ್ತೆ ಅದನ್ನು ತಿರುಗಿಸಿ ನೋಡಿದರು. "ಇವನ ಹಣೇಲಿ ವಿಭೂತಿ ಇಲ್ಲ. ನಂಗೆ ಗೊತ್ತಾಗ್ತಿತ್ತು" ಎಂದರು. ಆಮೇಲೆ ತುಸು ತಡೆದು, "ನೀವು ತೆಗೀಲಿಲ್ಲವಲ್ಲ, ಬಿಡಿ" ಎಂದರು. ಬಸಣ್ಣನನ್ನು ತೆಗೆಯದಿದ್ದುದರ ಬಗ್ಗೆ ಹೇಳಿದರೋ, ಚೀಲದಿಂದ ಇದನ್ನು ಮೊದಲೇ ತೆಗೆಯದಿದ್ದುದರ ಬಗ್ಗೆ ಹೇಳಿದರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಎರಡಾದ ಮೇಲೆ ಕೇಳಬೇಕೇ. ಗಾಜಿನ ಮೇಲೆ ಗುಲಾಬಿ ಬಣ್ಣದ ಮೊಟ್ಟೆಯ ಗೊಂಚಲು, ಆಮೇಲೆ ಸಾಸಿವೆಯಷ್ಟು ಮರಿಗಳು. ಸಾಹೇಬರು ಕಡಿಮೆ ಮಾಡುವ ಉಪಾಯಗಳನ್ನು ಹೇಳಿದರೆ ಅತ್ತೆ ಕಿವಿ ಮುಚ್ಚಿಕೊಂಡರು. ಬದಲಿಗೆ ಓಲ್ಡ್ ಟೌನಿನ ಮನೆಮನೆಗೆ ಕರು ಕೊಡುವ ಹಾಗೆ ಕೊಟ್ಟರು. ದನ ಕೊಟ್ಟರೂ ಹಗ್ಗ ಕೊಡಬಾರದು ಎಂಬುದು ಅವರ ತವರಿನ ಪದ್ಧತಿ. ಆದ್ದರಿಂದ ಚೀಲ ಕಟ್ಟಿದ ದಾರವನ್ನು ಬಿಚ್ಚಿ ತಾವೇ ಇಟ್ಟುಕೊಳ್ಳುವರು. ಪಡೆದವರು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಮನೆವರೆಗೆ ಓಡಬೇಕು. ವಾರ ಕಳೆದ ಮೇಲೆ ಅತ್ತೆ ಅಲ್ಲಿಗೆ ಹೋಗಿ, "ನಮ್ಮ ಹುಡುಗ ಹೇಗಿದ್ದಾನೆ?" ಎಂದು ವಿಚಾರಿಸುವರು. ಅವರು ಮನೆಯಿಂದ ಹೊರಗೆ ಅಷ್ಟು ಓಡಾಡಿದ್ದನ್ನು ನಾನು ಕಂಡದ್ದೇ ಆಗ.

ಮಾವ ಮೊದಲು ತೊಟ್ಟಿಯವರೆಗೆ, ಆಮೇಲೆ ಜಗಲಿಯವರೆಗೆ, ಕೊನೆಗೆ ಬೀದಿ ಕೊನೆಯ ಟೀ ಅಂಗಡಿಯವರೆಗೆ ನಡೆದರು. ಒಬ್ಬರೇ ಹೋಗುವುದಾಗಿ ಹಟ ಮಾಡುವರು. ಅತ್ತೆ ಹತ್ತು ಮಾರು ಹಿಂದೆ, ಯಾರನ್ನೋ ಮಾತಾಡಿಸಲು ಹೊರಟವರಂತೆ ಬರುವರು. ಟೀ ಅಂಗಡಿಯವನು ಇಬ್ಬರಿಗೂ ಬೇರೆ ಬೇರೆ ಬೆಂಚು ಹಾಕಿದ್ದ.

ಅತ್ತೆ ಲಿಂಗೈಕ್ಯರಾದದ್ದು ಅದಾಗಿ ಕೆಲವು ವರ್ಷಗಳ ಮೇಲೆ, ಪೂಜೆಗೆ ಹೂವು ಬಿಡಿಸುತ್ತಿರುವಾಗ, ಯಾರಿಗೂ ತೊಂದರೆ ಕೊಡದೆ. ಜೀವವಿಡೀ ಏನೇನೋ ಆದೀತೆಂದು ಹೆದರಿದವರಿಗೆ ಆದದ್ದು ಮಾತ್ರ ಗೊತ್ತೇ ಆಗಲಿಲ್ಲ. ವಿಮಾನವೆನ್ನುವ ಹೂವಿನ ಚಟ್ಟದಲ್ಲಿ ಕೂರಿಸಿ ಸ್ಮಶಾನಕ್ಕೆ ಹೊರಟಾಗ ಮಾವನಿಗೆಂದು ಆಟೋ ತಂದಿದ್ದರು. "ಅಪ್ಪಾ, ದೂರ ಇದೆ, ಕೂತ್ಕೋ" ಎಂದಳು ನನ್ನ ಹೆಂಡತಿ. ಮಾವ ಆಟೋಗೆ ಕೋಲಿನಿಂದ ಒಂದು ಏಟು ಹಾಕಿ, "ನ...ಡೀತೀನಿ" ಎಂದರು.

ಓಲ್ಡ್ ಟೌನಿನ ಆ ಬೀದಿಯಲ್ಲಿ ನಾನು ಎಷ್ಟು ಸಾವಿರ ಸಲ ಓಡಾಡಿದ್ದೇನೋ. ಅಲ್ಲಿ ಅಷ್ಟು ಕಲ್ಲುಗಳಿವೆ, ಚರಂಡಿಯ ಚಪ್ಪಡಿಗಳು ಅಷ್ಟು ಎದ್ದಿವೆ ಎಂದು ಅವತ್ತೇ ಕಂಡದ್ದು. ಮುಂದೆ ಎರಚುತ್ತಾ ಹೋದ ಹೂವು ಜಾರುತ್ತಿತ್ತು. ತೆಂಗಿನಕಾಯಿಯ ಚೂರುಗಳು ಬಿದ್ದಿದ್ದವು. ನಾನು ಮಾವನ ಮುಂದೆ ಮುಂದೆ, ಬಗ್ಗಿ, ಒಂದೊಂದನ್ನೂ ಕಾಲಿನಿಂದ, ಕೈಯಿಂದ ಸರಿಸುತ್ತಾ ನಡೆದೆ. "ಅಲ್ಲಿ ಕಲ್ಲಿದೆ ಮಾವ. ಇಲ್ಲಿ ಹಳ್ಳ ಇದೆ ಮಾವ." ಯಾರೋ ಹಿಂದಿನಿಂದ, ಇವನಿಗೆ ಇಲ್ಲೂ ತಮಾಷೆಯೇ ಎಂದದ್ದು ಕೇಳಿಸಿತು.

ಸ್ಮಶಾನದ ಗೇಟು ಕಾಣುವಲ್ಲಿ ಮಾವ ನಿಂತು, ಕೋಲಿನ ತುದಿಯಿಂದ ನನ್ನ ಬೆನ್ನು ತಟ್ಟಿದರು.

"ಅಳಿಯಂದ್ರೇ... ಮುಂದೆ ನೋಡ್ಕೊಂಡು ನಡೀರಿ. ಬಿದ್ದೀರಿ."

ನಾನು ತಲೆ ಎತ್ತಲಿಲ್ಲ.